ದೊಡ್ಡಕ್ಕನ ಉಫ್

ನಾಲ್ಕನೇ ಮಹಡಿಯ ವಾರ್ಡಿನಲ್ಲಿ ನೋಡುವುದೇ ಕೆಲಸವಾಗಿದ್ದ ಹುಡುಗಿಯೊಬ್ಬಳಿದ್ದಳು. ನರ್ಸಿಂಗ್ ಪದವಿ ಮುಗಿಸಿ ಬಂದವಳು. ಸೋಂಕು ತಡೆಯುವ ವಿಭಾಗದವರು ಅವಳ ಕೈಗೆ ಒಂದು ರಟ್ಟು, ಒಂದು ಪೆನ್ನು, ಒಂದು ಕಟ್ಟು ಹಾಳೆ ಕೊಟ್ಟು, "ಹೋಗಮ್ಮ, ಯಾರು ಕೈ ತೊಳೀತಾರೆ, ಯಾರು ತೊಳಿಯಲ್ಲ, ನೋಡಿ ಗುರುತು ಹಾಕ್ಕೊಂಡು ಬಾ" ಎಂದು ಕಳಿಸಿದ್ದರು. ನೋಡುವುದು ಅವಳಿಗೆ ಸಲೀಸು, ಬರೆಯುವುದು ಇನ್ನೂ ಸಲೀಸು. ಮಾತಾಡುವುದೊಂದೇ ಆಗುತ್ತಿರಲಿಲ್ಲ. ಬಾಯಿಯವರೆಗೆ ಬಂದ ಮಾತು ಹೊಸ್ತಿಲಲ್ಲೇ ನಿಂತು ಚಪ್ಪಲಿ ಹುಡುಕುತ್ತಿತ್ತು. ಹೊರಗೆ ಬಂದರೂ ಎಷ್ಟು ಸಣ್ಣಗೆ ಬರುತ್ತಿತ್ತೆಂದರೆ, ಎದುರಿದ್ದವರು "ಏನು?" ಅನ್ನುವುದು, ಇವಳು "ಏನಿಲ್ಲ" ಅನ್ನುವುದು, ಅಲ್ಲಿಗೆ ಕಥೆ ಮುಗಿಯುವುದು. ಹೀಗಾಗಿ ಮೂರನೇ ದಿನಕ್ಕೇ ಅವಳಿಗೆ ಪಿಸು ಎಂಬ ಹೆಸರು ಬಿತ್ತು. ಹೆಸರಿಟ್ಟವರು ವಾರ್ಡಿನ ಹೆಡ್ ನರ್ಸ್. ಅವರಿಗೆ ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಿದ್ದರು.

ದೊಡ್ಡಕ್ಕನಿಗೆ ಮೂವತ್ತೊಂದು ವರ್ಷದ ಸರ್ವಿಸು, ನಿವೃತ್ತಿಗೆ ಇನ್ನೆಂಟು ತಿಂಗಳು. ಗಂಟೆ ನೋಡದೆ ಗಂಟೆ ಹೇಳುವರು, ಕಾಲಸಪ್ಪಳದಲ್ಲೇ ಯಾರು ತಡವಾಗಿ ಬಂದರೆಂದು ಹಿಡಿಯುವರು. ಪಿಸು ಬಂದ ಮೊದಲ ದಿನ, ಅವಳು ಗೋಡೆಗೆ ಅಂಟಿಕೊಂಡು ನಿಂತದ್ದು ನೋಡಿ, "ಯಾಕೇ ಕ್ಯಾಲೆಂಡರ್ ಥರ ನೇತಾಡ್ತಿದ್ದೀಯ? ಬಾ, ಊಟ ಮಾಡು" ಎಂದು ತಮ್ಮ ಡಬ್ಬಿಯ ಅರ್ಧವನ್ನು ಅವಳ ಮುಂದಕ್ಕೆ ತಳ್ಳಿದ್ದರು. ಅಂದಿನಿಂದ ಪಿಸುವಿಗೆ ಅವರೆಂದರೆ ಪ್ರಾಣ. ಪ್ರಾಣದ ಜೊತೆಗೆ ಪ್ರಾಣಭಯವೂ ಇತ್ತು.

ಆ ವಾರ್ಡಿನ ಐದು ಹಾಸಿಗೆಗಳಲ್ಲಿ 'ಲೈನು' ಇದ್ದ ರೋಗಿಗಳಿದ್ದರು. ಲೈನೆಂದರೆ ತೋಳಿನ ರಕ್ತನಾಳದೊಳಗೆ ಇಳಿದು ಹೃದಯದ ಹತ್ತಿರ ಹೋಗಿ ನಿಲ್ಲುವ ತೆಳ್ಳನೆಯ ನಳಿಗೆ. ಹೊರಗುಳಿದ ತುದಿಗೊಂದು ಮುಚ್ಚಳ. ಔಷಧಿ ಒಳಗೆ ಹೋಗುವುದು ಆ ಮುಚ್ಚಳದ ಮೂಲಕ. ಔಷಧಿಗಿರುವ ದಾರಿ ಕ್ರಿಮಿಗೂ ದಾರಿಯೇ. ಒಳಗೆ ನುಸುಳಿತೋ, ನೇರ ರಕ್ತಕ್ಕೆ. ಚಳಿ, ಜ್ವರ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ನಿಯಮ: ಕೈ ತೊಳೆ, ಕೈಗವಸು ಹಾಕು, ಸ್ಪಿರಿಟ್ ಹತ್ತಿಯಿಂದ ಮುಚ್ಚಳವನ್ನು ಹದಿನೈದು ಸೆಕೆಂಡು ಉಜ್ಜು, ಒಣಗಲು ಬಿಡು, ಆಮೇಲೆ ಸಿರಿಂಜು ಹಚ್ಚು. ಪಿಸುವಿನ ಹಾಳೆಯಲ್ಲಿ ಇವಕ್ಕೆಲ್ಲ ಒಂದೊಂದು ಚೌಕವಿತ್ತು. ದೊಡ್ಡಕ್ಕನ ವಾರ್ಡಿನಲ್ಲಿ ಎಲ್ಲ ಚೌಕವೂ ಭರ್ತಿ. ಅವರು ಉಜ್ಜುವುದನ್ನು ನೋಡಿದರೆ ಮದುವೆಮನೆಯ ಹಿತ್ತಾಳೆ ಪಾತ್ರೆ ನೆನಪಾಗಬೇಕು. ನೂರಕ್ಕೆ ನೂರು.

ಆದರೂ ಎರಡು ತಿಂಗಳಲ್ಲಿ ಮೂವರ ರಕ್ತದಲ್ಲಿ ಕ್ರಿಮಿ ಸಿಕ್ಕಿತ್ತು.

ಆ ಮೂವರಲ್ಲಿ ಒಬ್ಬಾಕೆ ಏಳನೇ ಹಾಸಿಗೆಯ ಕಂಡಕ್ಟರಮ್ಮ. ಬಸ್ಸಿನಲ್ಲಿ ಟಿಕೆಟ್ಟು ಹರಿಯುತ್ತ ಮೂವತ್ತು ವರ್ಷ ಕಳೆದವಳು. ಗಂಡ ಅದೇ ಬಸ್ಸಿನ ಡ್ರೈವರು. "ನಾನು ರೈಟ್ ಅನ್ನದೆ ಇವರು ಒಂದು ದಿನಾನೂ ಗಾಡಿ ಎತ್ತಿದವರಲ್ಲ, ಮನೇಲೂ ಅಷ್ಟೆ" ಎಂದು ಬಂದವರಿಗೆಲ್ಲ ಹೇಳುವಳು. ಡ್ರೈವರಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತು, "ಹೌದು ಹೌದು" ಎಂದು ತಲೆಯಾಡಿಸುವರು. ಅವರ ಬಲಗೈ ಮಾತ್ರ ತಾನೇ ತಾನಾಗಿ ಇಲ್ಲದ ಗೇರನ್ನು ಬದಲಿಸುವುದು.

ಕಂಡಕ್ಟರಮ್ಮನ ಹೃದಯದ ಕವಾಟಕ್ಕೆ ಸೋಂಕು ತಗುಲಿತ್ತು. ಆರು ವಾರ ಬಿಡದೆ ಔಷಧಿ ಹೋಗಬೇಕು. ಮೂರನೇ ವಾರದಲ್ಲಿ ಎಡತೋಳಿನ ಲೈನು ಕೆಟ್ಟು, ಅವಳು ಚಳಿಯಲ್ಲಿ ಹಾಸಿಗೆ ಸಮೇತ ನಡುಗಿದ್ದಳು. ಆ ಲೈನು ಕಿತ್ತು, ಬಲತೋಳಿಗೆ ಹೊಸದು ಹಾಕಿ ಮತ್ತೆ ಒಂದರಿಂದ ಎಣಿಸಲು ಶುರುಮಾಡಿದ್ದರು. ಈಗ ಉಳಿದದ್ದು ಆರು ದಿನ. ದೊಡ್ಡ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಇದೂ ಕೆಟ್ರೆ ಬೇರೆ ನರ ಇಲ್ಲಮ್ಮ. ಕವಾಟದ ಆಪರೇಷನ್ನಿಗೆ ನಿಮ್ಮ ದೇಹ ತಡಿಯಲ್ಲ."

"ಕೊನೇ ಬಸ್ಸು ಅನ್ನಿ" ಅಂದಿದ್ದಳು ಕಂಡಕ್ಟರಮ್ಮ. ಡ್ರೈವರಪ್ಪ ಆವತ್ತು ಗೇರು ಬದಲಿಸಲಿಲ್ಲ.

ಒಂದು ಬೆಳಿಗ್ಗೆ ಪಿಸು ನೆಲಮಹಡಿಯ ಲ್ಯಾಬಿಗೆ ಇಳಿದಳು. ಅಲ್ಲಿದ್ದ ದಪ್ಪ ಕನ್ನಡಕದ ಮನುಷ್ಯರಿಗೆ ಆಸ್ಪತ್ರೆಯ ಮನುಷ್ಯರಿಗಿಂತ ಆಸ್ಪತ್ರೆಯ ಕ್ರಿಮಿಗಳ ಪರಿಚಯವೇ ಹೆಚ್ಚು. "ನಿಮ್ಮ ವಾರ್ಡಿನ ಮೂರು ರಿಪೋರ್ಟೂ ಪಕ್ಕಪಕ್ಕ ಇಟ್ಟು ನೋಡ್ದೆ" ಎಂದರು. "ಮೂರೂ ಒಂದೇ ಬಳಗದವು. ಚರ್ಮದ ಮೇಲಿನವೂ ಅಲ್ಲ, ನಲ್ಲೀನವೂ ಅಲ್ಲ. ಇವು ಬಾಯಿ ಊರಿನವು. ಮನುಷ್ಯರ ಬಾಯೊಳಗೆ ಬಾಡಿಗೆ ಕೊಡದೆ ಇರ್ತವಲ್ಲ, ಅವು. ತೋಳಿನ ನಳಿಗೆಗೆ ಹೆಂಗೆ ಬಂದ್ವು ಅಂತ ನೀನೇ ಹುಡುಕಬೇಕು. ಯಾರಾದ್ರೂ ಲೈನಿಗೆ ಮುತ್ತು ಕೊಡ್ತಾರೇನಮ್ಮ?"

ಪಿಸು ನಕ್ಕು ಮೇಲೆ ಬಂದಳು. ಏಳನೇ ಹಾಸಿಗೆಯ ಹತ್ತಿರ ದೊಡ್ಡಕ್ಕ ಔಷಧಿ ಹಾಕುತ್ತಿದ್ದರು. ಕೈ ತೊಳೆದಾಗಿತ್ತು, ಕೈಗವಸು ಹಾಕಿಯಾಗಿತ್ತು. ಹದಿನೈದು ಸೆಕೆಂಡು ಉಜ್ಜಿದರು. ಆಮೇಲೆ ಸ್ಪಿರಿಟಿನ ಹಸಿಯಿದ್ದ ಮುಚ್ಚಳವನ್ನು ಬಾಯಿಯ ಹತ್ತಿರ ತಂದು, ತುಟಿ ಮುಂದೆ ಮಾಡಿ, ತಾಯಿ ಮಗುವಿನ ತರಚಿದ ಮಂಡಿಗೆ ಊದುವ ಹಾಗೆ, ಮೆಲ್ಲಗೆ: ಉಫ್.

"ನೋಡು, ಎಷ್ಟು ಅಕ್ಕರೆ" ಎಂದಳು ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡು. "ಹೆತ್ತಮ್ಮನೂ ಹಿಂಗೆ ಊದಿರಲಿಲ್ಲ."

ಪಿಸುವಿನ ಪೆನ್ನು ಚೌಕದ ಮೇಲೇ ನಿಂತಿತು. ಈ ಉಫ್ಫನ್ನು ಅವಳು ಇಂದು ಮೊದಲು ನೋಡಿದ್ದಲ್ಲ. ನೂರು ಸಲ ನೋಡಿದ್ದಳು, ನೂರು ಸಲವೂ ಪೂರ್ತಿ ಅಂಕ ಕೊಟ್ಟಿದ್ದಳು. ಊದಿದರೋ ಇಲ್ಲವೋ ಎಂಬ ಚೌಕ ಹಾಳೆಯಲ್ಲಿರಲಿಲ್ಲ; ಚೌಕವಿಲ್ಲದ್ದನ್ನು ಕಣ್ಣು ಕಂಡೂ ಕಂಡಿರಲಿಲ್ಲ.

ಆ ಬೆಳಿಗ್ಗೆ ಅವಳು ಉಳಿದವರನ್ನೂ ನೋಡಿದಳು. ಊದದವರೇ ಇಲ್ಲ! ಒಬ್ಬಳು ಮೇಣದಬತ್ತಿ ಆರಿಸುವ ಹಾಗೆ ಊದಿದಳು, ಇನ್ನೊಬ್ಬಳು ಬಿಸಿ ಹಾಲಿಗೆ ಊದುವ ಹಾಗೆ. ಹೊಸದಾಗಿ ಸೇರಿದ್ದ ಗಂಡು ನರ್ಸು, ಎಲ್ಲರೂ ಬ್ರದರ್ ಅನ್ನುತ್ತಿದ್ದವರು, ಎಡಬಲ ತಲೆಯಾಡಿಸುತ್ತ ಕೊಳಲಿಗೆ ಊದುವ ಹಾಗೆ ಊದಿದರು. ಎಲ್ಲರೂ ದೊಡ್ಡಕ್ಕನ ಕೈಯಲ್ಲಿ ಪಳಗಿದವರು, ಅಲ್ಲ, ಬಾಯಲ್ಲಿ ಪಳಗಿದವರು.

ಈಗ ಹೇಳುವವರು ಯಾರು? ಗುರುವಿಗೇ ತಿರುಮಂತ್ರ ಹಾಕುವಷ್ಟು ನಾಲಗೆ ಪಿಸುವಿಗಿಲ್ಲ. ಮೇಲಿನವರಿಗೆ ಬರೆದು ಕೊಟ್ಟರೆ ನಿವೃತ್ತಿಯ ಅಂಚಿನಲ್ಲಿರುವ ದೊಡ್ಡಕ್ಕನಿಗೆ ನೋಟಿಸು ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡಳು. ಮರುಕ್ಷಣವೇ, ಛೆ, ದೊಡ್ಡಕ್ಕ ಹಾವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಕೊನೆಗೆ ಒಂದು ಪೆಟ್ಟಿಗೆ ಮಾಸ್ಕು ತಂದು ಮೇಜಿನ ಮೇಲಿಟ್ಟಳು. ದೊಡ್ಡಕ್ಕ ಸಂತೋಷದಿಂದ ಹಾಕಿಕೊಂಡರು. ಮುಂದಿನ ಹಾಸಿಗೆಗೆ ಹೋಗಿ, ಮುಚ್ಚಳ ಉಜ್ಜಿ, ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಉಫ್ ಎಂದು ಊದಿ, ಮತ್ತೆ ಮೇಲೇರಿಸಿದರು.

ಪಿಸು ಏಳನೇ ಹಾಸಿಗೆಯ ಪರದೆ ಎಳೆದು ಕಂಡಕ್ಟರಮ್ಮನ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟಳು. ಪಿಸುಗುಟ್ಟುವಷ್ಟಕ್ಕೆ ಅವಳಿಗೆ ಧೈರ್ಯವಿತ್ತು.

ಕಂಡಕ್ಟರಮ್ಮ ದಿಗ್ಗನೆ ಎದ್ದು ಕೂತಳು. "ನನ್ನ ಲೈನಿಗೂ?"

"ದಿನಕ್ಕೆ ಮೂರು ಸಲ."

"ಅಯ್ಯೋ, ಅಕ್ಕರೆ ಅಂದ್ಕೊಂಡು ಕಣ್ಮುಚ್ಕೊಂಡು ಬಿದ್ದಿದ್ನಲ್ಲೇ! ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗಾಯ್ತು. ಕರಿ ಅವರನ್ನ, ಈಗ್ಲೇ ಕೇಳ್ತೀನಿ."

"ಬೇಡ ಬೇಡ..."

"ಯಾಕೆ ಬೇಡ?" ಎಂದವಳು ತಾನೇ ಸ್ವಲ್ಪ ಯೋಚಿಸಿದಳು. "ಹೂಂ. ನಾನು ಹೇಳಿದ್ರೆ ರೋಗಿ ಗೊಣಗಿದ ಹಾಗೆ. ನನ್ನ ಲೈನೊಂದಕ್ಕೆ ಊದೋದು ಬಿಡ್ತಾರೆ, ಮಿಕ್ಕ ನಾಲ್ಕಕ್ಕೆ ಊದ್ತಾರೆ. ಶಂಖದಿಂದ ಬಂದ್ರೇ ತೀರ್ಥ. ಹೇಳಬೇಕಾದವಳು ನೀನು. ನಿನ್ನನ್ನ ಅದಕ್ಕೇ ಇಟ್ಟಿರೋದು, ಗೋಡೆಗೆ ಚಂದ ಕಾಣ್ಲಿ ಅಂತ ಅಲ್ಲ."

"ನಾಳೆ ಮಧ್ಯಾಹ್ನದವರೆಗೆ ಟೈಮ್ ಕೊಡಿ. ಬಾಯಿ ಬಿಟ್ಟು ಹೇಳೋದಕ್ಕಿಂತ ಕಣ್ಣಿಗೇ ತೋರಿಸಿಬಿಡ್ತೀನಿ."

"ಅಲ್ಲೀವರೆಗೆ ನನ್ನ ಲೈನು?"

ಅದಕ್ಕೆ ಉತ್ತರ ಸ್ಟೂಲಿನ ಮೇಲಿದ್ದ ಡ್ರೈವರಪ್ಪನಿಂದ ಬಂತು. ಯಾರೂ ಕೇಳದೆ ಅವರು ಮಾತಾಡಿದ್ದು ಅದೇ ಮೊದಲು. "ಎರಡು ಕೆಲಸಕ್ಕೆ ಒಂದು ಬಾಯಿ ಆಗಲ್ಲ. ಅವರು ಊದೋಕೆ ಬಗ್ಗಿದ ಹೊತ್ತಿಗೆ ಏನಾದ್ರೂ ಪ್ರಶ್ನೆ ಕೇಳಿದ್ರೆ? ಉತ್ತರ ಹೇಳಬೇಕಲ್ಲ. ಅಷ್ಟೊತ್ತಿಗೆ ಅದೇ ಒಣಗುತ್ತೆ."

ಕಂಡಕ್ಟರಮ್ಮ ಗಂಡನನ್ನು ಹೊಸದಾಗಿ ನೋಡುವಂತೆ ನೋಡಿದಳು. "ರೀ, ಇಷ್ಟು ತಲೆ ಇಟ್ಕೊಂಡು ಮೂವತ್ತು ವರ್ಷ ಸುಮ್ನೆ ಸ್ಟೇರಿಂಗ್ ತಿರುಗಿಸಿದ್ರಾ?"

ಅಂದು ಹನ್ನೊಂದು ಗಂಟೆಗೆ ನರ್ಸುಗಳ ಕೋಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಪಿಸು ಲ್ಯಾಬಿನಿಂದ ಕ್ರಿಮಿ ಬೆಳೆಸುವ ಆರು ಗಾಜಿನ ತಟ್ಟೆಗಳನ್ನು ತಂದು ಮೇಜಿನ ಮೇಲಿಟ್ಟು, "ಊದಬೇಕಂತೆ" ಎಂದಳು.

"ಏನು?" ಎಂದರು ದೊಡ್ಡಕ್ಕ.

ಪಿಸು ತಟ್ಟೆ ಎತ್ತಿ ಊದಿ ತೋರಿಸಿದಳು.

"ಓಹೋ, ಊದೋ ಸ್ಪರ್ಧೆ! ಆ ಲ್ಯಾಬಿನ ಕನ್ನಡಕದೋರಿಗೆ ಕೆಲಸ ಇಲ್ಲ ಅಂತ ಕಾಣುತ್ತೆ. ಕೊಡೇ ಇಲ್ಲಿ." ಮೇಣದಬತ್ತಿಯವಳು ಊದಿದಳು, ದೊಡ್ಡಕ್ಕ ಎದೆ ತುಂಬ ಉಸಿರೆಳೆದು ಊದಿದರು, ಬಿಸಿಹಾಲಿನವಳು ಊದಿದಳು, ಕೊಳಲಿನ ಬ್ರದರ್ ಊದುವಾಗ ಎಲ್ಲರೂ ಹಿನ್ನೆಲೆಗೆ ಮೇಜು ಬಡಿದರು. ಗೆದ್ದವರಿಗೆ ಏನು ಬಹುಮಾನ ಎಂದು ಕೇಳಿದವರಿಗೆ ಪಿಸು ನಾಳೆ ಮಧ್ಯಾಹ್ನ ಎಂದು ಬೆರಳಿನಲ್ಲಿ ಸನ್ನೆ ಮಾಡಿ ತಪ್ಪಿಸಿಕೊಂಡಳು. ಆರನೇ ತಟ್ಟೆಯನ್ನು ಯಾರಿಂದಲೂ ಊದಿಸದೆ ಹಾಗೇ ಬಿಟ್ಟು, ಎಲ್ಲವನ್ನೂ ಲ್ಯಾಬಿಗೆ ಒಯ್ದು ಕೊಟ್ಟಳು.

ಮಧ್ಯಾಹ್ನ ಮೂರರ ಔಷಧಿಗೆ ದೊಡ್ಡಕ್ಕ ಬಂದರು. ಉಜ್ಜಿದರು. ತುಟಿ ಮುಂದೆ ಮಾಡಿದರು.

"ಅಕ್ಕೋರೇ," ಎಂದರು ಡ್ರೈವರಪ್ಪ ಗಾಬರಿಯಿಂದ, "ಮನುಷ್ಯನಿಗೆ ಮೂಳೆ ಎಷ್ಟಿರ್ತವೆ?"

"ಇನ್ನೂರಾರು. ಯಾಕೆ?"

"ಅಲ್ಲ, ನನಗೆ ಒಂದು ಕಮ್ಮಿ ಅಂತ ಇವಳು ಯಾವಾಗ್ಲೂ ಹೇಳ್ತಾಳೆ."

"ಬೆನ್ನುಮೂಳೆ ಇರಬೇಕು" ಎಂದು ದೊಡ್ಡಕ್ಕ ನಕ್ಕರು. ನಗುವಷ್ಟರಲ್ಲಿ ಮುಚ್ಚಳ ಒಣಗಿತ್ತು, ಸಿರಿಂಜು ಕೂತಿತ್ತು. ಉಳಿದ ನಾಲ್ಕು ಹಾಸಿಗೆಗಳ ಹೊಣೆ ಪಿಸುವಿನದು. ಒಂದು ಕಡೆ ಪೆನ್ನು ಬೀಳಿಸಿದಳು, ಇನ್ನೊಂದು ಕಡೆ ರಟ್ಟನ್ನೇ ಬೀಳಿಸಿದಳು, ಮೂರನೆಯ ಕಡೆ ಏನೂ ಹೊಳೆಯದೆ ತಾನೇ ಬಿದ್ದಳು. "ಇವಳಿಗೆ ರಕ್ತ ಕಮ್ಮಿ, ಟೆಸ್ಟ್ ಮಾಡಿಸ್ಬೇಕು" ಎಂದು ದೊಡ್ಡಕ್ಕ ಎಬ್ಬಿಸಿದರು; ಅದನ್ನೇ ಹೇಳುತ್ತ ನಾಲ್ಕನೆಯ ಕಡೆ ಊದುವುದನ್ನೇ ಮರೆತರು. ರಾತ್ರಿಯ ಔಷಧಿಯ ಹೊತ್ತಿಗೆ ಸರಿಯಾಗಿ ಕಂಡಕ್ಟರಮ್ಮನ ಕಾಲು ಹಿಡಿದುಕೊಂಡಿತಂತೆ. ಅವಳು ಕೂಗಿದ ಕೂಗಿಗೆ ರಾತ್ರಿ ಪಾಳಿಯ ನರ್ಸು ಊದುವುದಿರಲಿ, ಉಸಿರಾಡುವುದನ್ನೇ ಮರೆತಳಂತೆ.

ಮರುದಿನ ಬೆಳಿಗ್ಗೆ ಏಳಕ್ಕೆ ಪಿಸು ಓಡೋಡಿ ಬಂದಳು. ತಟ್ಟೆಗಳು ಸಿಗುವುದು ಮಧ್ಯಾಹ್ನಕ್ಕೆ. ಡ್ರೈವರಪ್ಪನನ್ನು ಒಳಗೆ ಬಿಡುವುದು ಹತ್ತಕ್ಕೆ. ಪರವಾಗಿಲ್ಲ, ಕಂಡಕ್ಟರಮ್ಮನ ಬಾಯಿ ಇದೆಯಲ್ಲ, ಒಂದು ಬಸ್ಸಿಗೆ ಸಾಕಾಗುವ ಬಾಯಿ ಎಂದುಕೊಂಡು ಏಳನೇ ಹಾಸಿಗೆಯತ್ತ ನೋಡಿದರೆ, ದೊಡ್ಡಕ್ಕ ಆ ಬಾಯಲ್ಲಿ ಥರ್ಮಾಮೀಟರ್ ಇಟ್ಟು, "ಬಾಯಿ ತೆಗೆದ್ರೆ ನೋಡಿ ಮತ್ತೆ" ಎಂದು ಹೆದರಿಸಿ, ಮುಚ್ಚಳ ಉಜ್ಜುತ್ತಿದ್ದರು.

ಕಂಡಕ್ಟರಮ್ಮ ತುಟಿ ಬಿಗಿದುಕೊಂಡು ಕಣ್ಣು ತಿರುಗಿಸಿದಳು. ಹುಬ್ಬು ಹಾರಿಸಿದಳು. ಎಡಗೈಯನ್ನು ಹಾಸಿಗೆಯ ಮೇಲೆ ಬಡಿದಳು. "ಯಾಕ್ರೀ ಒದ್ದಾಡ್ತೀರ? ಸುಮ್ನಿರಿ, ಮುಗೀತು" ಎಂದರು ದೊಡ್ಡಕ್ಕ. ಹತ್ತು ಸೆಕೆಂಡು. ಹನ್ನೆರಡು. ಪಿಸು ಪೆನ್ನು ಬೀಳಿಸಿದಳು. ಅದು ಉರುಳಿಕೊಂಡು ಮಂಚದ ಕೆಳಗೆ ಹೋಯಿತು, ಯಾರೂ ತಿರುಗಿ ನೋಡಲಿಲ್ಲ. ಹದಿನೈದು. ಹತ್ತಿ ಬುಟ್ಟಿಗೆ ಬಿತ್ತು. ಮುಚ್ಚಳ ಮೇಲೆದ್ದಿತು. ದೊಡ್ಡಕ್ಕನ ತುಟಿಗಳು ಮುಂದೆ ಬಂದವು.

ಪಿಸು ಕೈ ಚಾಚಿದಳು. ಮುಚ್ಚಳಕ್ಕೂ ತುಟಿಗೂ ನಡುವೆ ಇದ್ದ ಗೇಣುದ್ದ ಜಾಗದಲ್ಲಿ ಅವಳ ಅಂಗೈ ನಿಂತಿತು. ಉಫ್ ಎಂಬ ಉಸಿರು ಅದರ ಮೇಲೆ ಬಿತ್ತು. ಬೆಚ್ಚಗಿತ್ತು. ಏಲಕ್ಕಿಯ ವಾಸನೆಯಿತ್ತು.

"ಊದಬೇಡಿ ಅಕ್ಕಾ."

"ಏನು?"

ಏನಿಲ್ಲ ಎಂಬ ಮಾತು ತುದಿನಾಲಗೆಗೆ ಬಂದು ಕೂತಿತು. ಪಿಸು ಅದನ್ನು ನುಂಗಿದಳು. "ಊದಬೇಡಿ ಅಂದೆ!" ಧ್ವನಿ ಲಂಗುಲಗಾಮಿಲ್ಲದೆ ಹೊರಟಿತು, ಎದುರು ಸಾಲಿನ ರೋಗಿಯೊಬ್ಬರು ನಿದ್ದೆಯಿಂದೆದ್ದು "ನಾನಲ್ಲ" ಎಂದರು. "ಬಾಯಲ್ಲಿರೋ ಕ್ರಿಮಿ ಮುಚ್ಚಳಕ್ಕೆ ಬರುತ್ತೆ. ಉಜ್ಜಿದ್ದೆಲ್ಲ ದಂಡ ಆಗುತ್ತೆ. ಆ ಮೂರು ಜನರ ರಕ್ತದಲ್ಲಿ ಸಿಕ್ಕಿದ್ದೂ ಬಾಯಿ ಕ್ರಿಮೀನೇ ಅಕ್ಕಾ."

ದೊಡ್ಡಕ್ಕನ ಕೈಯಲ್ಲಿ ಸಿರಿಂಜು ಹಾಗೇ ನಿಂತಿತ್ತು.

"ನನಗೆ ಹೇಳ್ತೀಯ," ಎಂದರು ತಗ್ಗಿದ ದನಿಯಲ್ಲಿ. "ಶುರುವಿನಲ್ಲಿ ನನ್ನನ್ನ ಹಾಕಿದ್ದು ಮಕ್ಕಳ ವಾರ್ಡಿಗೆ. ಹಸಿ ಸ್ಪಿರಿಟ್ ಇದ್ರೆ ಚರ್ಮ ಉರಿಯುತ್ತೆ ಕಣೇ. ಪಾಪ, ಕಿರುಚೋವು. ಊದಿದ್ರೆ ಸುಮ್ಮನಾಗೋವು. ಅಲ್ಲಿಂದ ಬಂದ ಅಭ್ಯಾಸ ಇದು."

"ಗೊತ್ತಾಗುತ್ತೆ ಅಕ್ಕಾ. ಆದ್ರೆ ಮುಚ್ಚಳಕ್ಕೆ ಉರಿ ಆಗಲ್ಲ."

ದೊಡ್ಡಕ್ಕ ಅವಳನ್ನೊಮ್ಮೆ, ಮುಚ್ಚಳವನ್ನೊಮ್ಮೆ ನೋಡಿದರು. ಕೈಗವಸು ತೆಗೆದು ಬಿಸಾಡಿದರು. ಮತ್ತೆ ಕೈ ತೊಳೆದು, ಹೊಸ ಕೈಗವಸು ಹಾಕಿ, ಹೊಸ ಹತ್ತಿ ಬಿಚ್ಚಿ, ಮೊದಲಿನಿಂದ ಉಜ್ಜಿದರು. ಒಣಗುವವರೆಗೆ ಕಿಟಕಿಯ ಕಡೆ ಮುಖಮಾಡಿ ನಿಂತರು. ಔಷಧಿ ಹಾಕಿ, ಥರ್ಮಾಮೀಟರ್ ತೆಗೆದುಕೊಂಡು, ಒಂದು ಮಾತೂ ಆಡದೆ ಹೊರಟುಹೋದರು.

"ಭೇಷ್" ಎಂದಳು ಕಂಡಕ್ಟರಮ್ಮ, ಬಾಯಿ ಬಿಡುಗಡೆಯಾದ ಕೂಡಲೇ.

"ಅವರು ಇನ್ನು ನನ್ನ ಜೊತೆ ಮಾತಾಡಲ್ಲ."

"ನೀನು ಮೊದಲು ಎಷ್ಟು ಮಾತಾಡ್ತಿದ್ದೆ ಅಂತ?"

ಅಂದು ಊಟದ ಡಬ್ಬಿ ಪಿಸುವಿನ ಮುಂದೆ ಬರಲಿಲ್ಲ. ಅವಳು ತನ್ನ ಡಬ್ಬಿಯನ್ನೂ ತೆರೆಯದೆ ಲ್ಯಾಬಿಗೆ ಇಳಿದು, ತಟ್ಟೆಗಳನ್ನು ತಂದು, ನರ್ಸುಗಳ ಕೋಣೆಯ ಮೇಜಿನ ಮೇಲೆ ಸಾಲಾಗಿಟ್ಟಳು. ಐದು ತಟ್ಟೆಗಳಲ್ಲಿ ಬಿಳಿ, ಹಳದಿ, ಬೂದು ಚುಕ್ಕೆಗಳು ಹಬ್ಬಿದ್ದವು. ಆರನೆಯದು ಕನ್ನಡಿಯ ಹಾಗೆ ಸ್ವಚ್ಛ. ಯಾರೂ ವಿವರಿಸಬೇಕಾಗಿರಲಿಲ್ಲ. ಕೊಳಲಿನ ಬ್ರದರ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಹೋದರು.

ದೊಡ್ಡಕ್ಕ ಕೊನೆಗೆ ಬಂದರು. ಬಗ್ಗಿ, ಒಂದೊಂದೇ ತಟ್ಟೆ ನೋಡಿದರು. "ಇದರಲ್ಲಿ ನಂದ್ಯಾವುದು?"

"ಬರೆದುಕೊಂಡಿಲ್ಲ ಅಕ್ಕಾ." ಬರೆಯದೆ ಬಿಟ್ಟದ್ದೆಂದರೆ ಪಿಸುವಿನ ಜೀವನದಲ್ಲಿ ಅದೊಂದೇ.

"ಸುಳ್ಳು ಹೇಳಿ ನಾನಿಟ್ಟ ಹೆಸರು ಕೆಡಿಸ್ಬೇಡ. ಮೂರನೆಯದು ನಂದು. ನೀನು, ಅವಳು, ಆಮೇಲೆ ನಾನು." ಮೂರನೆಯದರಲ್ಲಿ ಚುಕ್ಕೆಗಳು ಎಲ್ಲಕ್ಕಿಂತ ದಟ್ಟವಾಗಿದ್ದವು. ಮೊದಲನೆಯದೂ ಹಿಂದೆ ಬಿದ್ದಿರಲಿಲ್ಲ. ದೊಡ್ಡಕ್ಕ ಅದರ ಮೇಲೆ ಉಗುರಿನಿಂದ ಟಕ್ಕೆಂದು ಬಡಿದರು. "ಮಾತಾಡದ ಬಾಯಲ್ಲೂ ಏನು ಸಂತೆ ನೋಡು."

ಪಿಸು ಆ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

"ಆ ಮೂರು ಜನ," ಎಂದರು ದೊಡ್ಡಕ್ಕ. ಮುಂದಿನ ಮಾತು ಅವರಿಗೂ ಸಲೀಸಾಗಿ ಬರಲಿಲ್ಲ.

"ಇಬ್ರು ಗುಣ ಆಗಿ ಮನೆಗೆ ಹೋದ್ರು. ಮೂರನೆಯವರು ಕಂಡಕ್ಟರಮ್ಮ. ನಿಮ್ಮಿಂದಾನೇ ಅಂತ ಯಾರೂ ಹೇಳೋಕಾಗಲ್ಲ ಅಕ್ಕಾ."

"ಅಲ್ಲ ಅಂತಾನೂ ಹೇಳೋಕಾಗಲ್ಲ."

ಅವರು ಏಳನೇ ಹಾಸಿಗೆಗೆ ಹೋಗಿ, ಎಂದೂ ಕೂರದವರು ಅಂದು ಮಂಚದ ಅಂಚಿನಲ್ಲಿ ಕೂತರು. ಪಿಸು ಪರದೆಯ ಹತ್ತಿರ ನಿಂತಳು. "ನಿಮ್ಮ ಮೊದಲನೇ ಲೈನು ಕೆಟ್ಟಿದ್ದು ನನ್ನಿಂದ ಇರಬಹುದು ಕಣಮ್ಮ. ತಿಳೀದೆ ಮಾಡಿದ್ದು. ತಿಳೀದೆ ಮಾಡಿದ್ರೂ ನಡುಗಿದ್ದು ನೀವು."

ಕಂಡಕ್ಟರಮ್ಮ ಲೈನಿದ್ದ ತೋಳನ್ನು ಇನ್ನೊಂದು ಕೈಯಿಂದ ಸವರಿಕೊಂಡಳು. "ಆ ಚಳಿ ಇದೆಯಲ್ಲ ದೊಡ್ಡಕ್ಕ, ಅದನ್ನ ನಾನು ಮರೆಯಲ್ಲ. ಪರವಾಗಿಲ್ಲ ಅಂತಾನೂ ಹೇಳಲ್ಲ. ನಾನೂ ಒಂದ್ಸಲ ಎರಡು ಬೋರ್ಡ್ ಅದಲುಬದಲು ಹಾಕಿ, ಒಂದು ಬಸ್ ಜನಾನ ಇನ್ಯಾವುದೋ ಊರಲ್ಲಿ ಇಳಿಸಿದ್ದೆ. ಕೈ ಮುಗಿದು ವಾಪಸ್ ಕರ್ಕೊಂಡು ಬಂದೆ. ಒಬ್ಬಳಿಗೆ ಅಷ್ಟೊತ್ತಿಗೆ ಪರೀಕ್ಷೆ ತಪ್ಪಿ ಹೋಗಿತ್ತು. ಅವಳು ಇವತ್ತಿಗೂ ದಾರಿಯಲ್ಲಿ ಸಿಕ್ಕಿದ್ರೆ ಮುಖ ತಿರುಗಿಸ್ತಾಳೆ, ತಿರುಗಿಸಲಿ. ನೀವು ನನ್ನನ್ನ ಸರಿಯಾದ ಸ್ಟಾಪಿನಲ್ಲಿ ಇಳಿಸಿ, ಸಾಕು. ಇನ್ನು ಐದು ದಿನ."

ಆ ಐದು ದಿನ ದೊಡ್ಡಕ್ಕ ವಾರ್ಡನ್ನು ಹಿಡಿದ ಹಿಡಿತ ಹೇಳತೀರದು. ಪಿಸುವಿನ ಹಾಳೆಗೆ ಸ್ಕೇಲಿಟ್ಟು ತಾವೇ ಒಂದು ಚೌಕ ಗೆರೆ ಎಳೆದರು: ತಾನಾಗಿ ಒಣಗಿತೇ? ಕೊಳಲಿನ ಬ್ರದರ್ ತುಟಿ ಸ್ವಲ್ಪ ಮುಂದೆ ಮಾಡಿದರೂ, "ತಮ್ಮಾ, ಕಛೇರಿ ಮುಗೀತು" ಎನ್ನುವರು. ಒಣಗುವ ಅಷ್ಟು ಹೊತ್ತು ಬಾಯಿಗೆ ಏನು ಕೆಲಸ ಕೊಡಬೇಕೆಂದು ತಿಳಿಯದೆ ನರ್ಸುಗಳು ರೋಗಿಗಳನ್ನು ಮಾತಾಡಿಸತೊಡಗಿದರು. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಅತ್ತೆ ಗೊರಕೆ ಹೊಡೆಯುತ್ತಾರೆ, ಎಲ್ಲವೂ ವಾರ್ಡಿಗೆಲ್ಲ ಗೊತ್ತಾಯಿತು.

ಐದನೆಯ ದಿನ ಕೊನೆಯ ಔಷಧಿ ಹೋಯಿತು. ಚಳಿಯಿಲ್ಲ, ಜ್ವರವಿಲ್ಲ, ಅಂದಿನ ರಕ್ತದ ರಿಪೋರ್ಟಿನ ಕೆಳಗೆ ದಪ್ಪ ಕನ್ನಡಕದವರು ಎರಡು ಗೆರೆ ಎಳೆದು 'ಯಾರೂ ಮನೆಯಲ್ಲಿಲ್ಲ' ಎಂದು ಬರೆದು ಕಳಿಸಿದ್ದರು. ದೊಡ್ಡ ಡಾಕ್ಟರು ಲೈನು ತೆಗೆಯಲು ಹೇಳಿದರು.

ದೊಡ್ಡಕ್ಕ ಪಟ್ಟಿ ಬಿಚ್ಚಿ, ಪಿಸುವಿನ ಕೈಗೆ ನಳಿಗೆಯ ತುದಿ ಕೊಟ್ಟರು. "ನೀನೇ ಎಳಿ. ನಾನು ನೋಡ್ತೀನಿ." ಆಮೇಲೆ ಕಂಡಕ್ಟರಮ್ಮನತ್ತ ತಿರುಗಿ, "ದೊಡ್ಡದಾಗಿ ಉಸಿರು ತಗೊಂಡು ಬಿಗಿ ಹಿಡೀರಿ. ನಾನು ಹೇಳೋವರೆಗೂ ಬಿಡಬಾರದು" ಎಂದರು.

ಕಂಡಕ್ಟರಮ್ಮ ಉಸಿರು ಹಿಡಿದಳು. ನಳಿಗೆ ಒಂದೊಂದೇ ಅಂಗುಲ ಹೊರಗೆ ಬಂತು, ಬಂತು, ಬಂದುಬಿಟ್ಟಿತು. ಪಿಸು ಹತ್ತಿಯಿಟ್ಟು ಒತ್ತಿ ಹಿಡಿದಳು.

"ಹಾಂ, ಬಿಡಿ" ಎಂದರು ದೊಡ್ಡಕ್ಕ. ಕಂಡಕ್ಟರಮ್ಮ ಉಸಿರು ಬಿಟ್ಟಳು. ಪಿಸುವೂ ಬಿಟ್ಟಳು, ತಾನೂ ಹಿಡಿದಿದ್ದೆನೆಂದು ಅವಳಿಗೆ ಆಗಲೇ ಗೊತ್ತಾದದ್ದು. ಸ್ಟೂಲಿನ ಮೇಲೆ ಡ್ರೈವರಪ್ಪ ಮಾತ್ರ ಮುಖ ಕೆಂಪಗೆ ಮಾಡಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮೇಲೆ ಮಾಡಿ ಕೂತೇ ಇದ್ದರು.

"ಅಯ್ಯೋ, ಇವರಿಗೇನಾಯ್ತು?" ಎಂದರು ದೊಡ್ಡಕ್ಕ.

"ನಾನು ರೈಟ್ ಅನ್ನಬೇಕಲ್ಲ ದೊಡ್ಡಕ್ಕ," ಎಂದಳು ಕಂಡಕ್ಟರಮ್ಮ, ಅವಸರವಿಲ್ಲದೆ, ಸುಖವಾಗಿ ದಿಂಬಿಗೊರಗುತ್ತ. "ಸ್ವಲ್ಪ ಹೊತ್ತು ಇರಲಿ ತಾಳಿ."